ಪುಟ್ಟಿ ಹಚ್ಚದೆ ಬರೆದ ಸೋದರಿ ನಗರಗಳ ಗೋಡೆ: ನನ್ನ ಅನುಭವ

ಕೋಲಾರದ ಸುತ್ತಮುತ್ತ ಕಾಂಪೌಂಡ್ ಗೋಡೆಗೆ ಚಿತ್ರ ಬರೆದವರಿಗೆ ಈ ಕಾಯಿಲೆ ಗೊತ್ತೇ ಇದೆ. ಸೈಜುಗಲ್ಲಿನ ಪಾಯ, ಮೇಲೆ ಸಿಮೆಂಟ್ ಬ್ಲಾಕ್, ನಡುವೆ ತೇವ ತಡೆಯುವ ಪದರವೇ ಇಲ್ಲ. ಕಟ್ಟಿದ್ದು, ಕ್ಯೂರಿಂಗ್ ಮಾಡಿದ್ದು ಎಲ್ಲ ಗಡಸು ಬೋರ್‌ವೆಲ್ ನೀರಲ್ಲಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬುಡ ಬಿಳಿ ಉಪ್ಪು ಬಿಟ್ಟು, ಗೋಡೆ ನುಣುಪಾಗಲೆಂದು ಹಚ್ಚಿದ ಪುಟ್ಟಿ ಹಪ್ಪಳದ ಹಾಗೆ ಎದ್ದು, ಅದರ ಜೊತೆ ಚಿತ್ರವೂ ಉದುರುತ್ತದೆ. ಅಂಥದೇ ಗೋಡೆಯ ಮೇಲೆ ಬರೆದದ್ದು ಈಗ ಎರಡನೆಯ ಮಳೆಗಾಲವನ್ನೂ ದಾಟಿ ನಿಂತಿದೆ. ಪುಟ್ಟಿ ಇಲ್ಲದೆ ಬರೆಯುತ್ತೇವೆ ಅಂದಾಗ ನಕ್ಕಿದ್ದ ಪೇಂಟರುಗಳೇ ಬಂದು ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ.

ವಿಷಯದ ಬಗ್ಗೆ ಮೊದಲೇ ತಕರಾರು ಬಂದಿತ್ತು: ಬೆಂಗಳೂರಿನ ಸೋದರಿ ನಗರಗಳನ್ನು, ಅಂದರೆ ಅದು ಸ್ನೇಹದ ಒಪ್ಪಂದ ಮಾಡಿಕೊಂಡ ಹೊರದೇಶದ ಊರುಗಳನ್ನು, ಕೋಲಾರದಲ್ಲಿ ಯಾಕೆ ಬರೆಯಬೇಕು? ಕೋಲಾರಕ್ಕೂ ಆ ಊರುಗಳಿಗೂ ನಂಟು ಬೆಸೆಯುವ ಚಿನ್ನ, ರೇಷ್ಮೆ, ಹಾಲು, ಇದೇ ಉತ್ತರ. ಸ್ಯಾನ್ ಫ್ರಾನ್ಸಿಸ್ಕೊ 1849ರ ಚಿನ್ನದ ಬೇಟೆಯಿಂದ ಬೆಳೆದ ಊರು. ಕಾರ್ನ್‌ವಾಲ್‌ನ ಗಣಿಗಾರರು ಕ್ಯಾಲಿಫೋರ್ನಿಯಾಕ್ಕೂ ಹೋದರು, ಕೆಜಿಎಫ್‌ಗೂ ಬಂದರು. 2013ರಲ್ಲಿ ಬೆಂಗಳೂರಿನ ಜೊತೆ ಒಪ್ಪಂದವಾದ ಚೆಂಗ್ಡು ರೇಷ್ಮೆ ಬ್ರೊಕೇಡಿಗೆ ಹೆಸರಾದದ್ದು. 1973ರಿಂದ ನಂಟಿರುವ ಮಿನ್ಸ್ಕ್, ಹಾಲಿನ ಉತ್ಪನ್ನಗಳನ್ನು ದಂಡಿಯಾಗಿ ರಫ್ತು ಮಾಡುವ ಬೆಲಾರೂಸ್‌ನ ರಾಜಧಾನಿ. ಇನ್ನೊಂದು ಸೋದರಿ ನಗರ, ಅಮೆರಿಕದ ಕ್ಲೀವ್‌ಲ್ಯಾಂಡ್‌ಗೆ ಗೋಡೆ ಸಾಲಲಿಲ್ಲ.

ಗೋಡೆ ಸುಮಾರು 80 ಅಡಿ ಉದ್ದ, 7 ಅಡಿ ಎತ್ತರ. ಉಪ್ಪಿನ ಗೆರೆ ಒಂದೂವರೆ ಅಡಿಯವರೆಗೆ ಇತ್ತು. ಅದಕ್ಕಿಂತ ಒಂದಡಿ ಮೇಲಕ್ಕೆ, ಅಂದರೆ ಎರಡೂವರೆ ಅಡಿ ಸಿಮೆಂಟ್ ಪ್ಲಾಸ್ಟರನ್ನು ಎರಡೂ ಕಡೆ ಕೆತ್ತಿ ತೆಗೆಸಬೇಕು. ಒಂದೇ ಕಡೆ ತೆಗೆದರೆ ಒಳಗಿನ ತೇವವೆಲ್ಲ ತೆರೆದ ಕಡೆಗೇ, ಅಂದರೆ ಚಿತ್ರದ ಕಡೆಗೇ, ನುಗ್ಗುತ್ತದೆ. ಉಪ್ಪನ್ನು ಒಣ ಬ್ರಷ್‌ನಲ್ಲೇ ಕೆರೆದು ಹೊರಗೆ ಚೆಲ್ಲಿ. ನೀರಲ್ಲಿ ತೊಳೆದರೆ ಅದು ಕರಗಿ ಮತ್ತೆ ಬ್ಲಾಕಿನೊಳಗೇ ಸೇರುತ್ತದೆ. ಆಮೇಲೆ ಹಳೇ ದಿನಪತ್ರಿಕೆ ನೆನೆಸಿ, ರುಬ್ಬಿ, ಅರ್ಧ ಇಂಚು ದಪ್ಪ ಮೆತ್ತಿ. ಒಣಗುತ್ತಾ ಬಂದಂತೆ ಉಪ್ಪು ಕಾಗದಕ್ಕೆ ಬರುತ್ತದೆ. ಅಂಚು ಮುರುಟಿ ತಾನಾಗಿ ಬಿಟ್ಟುಕೊಂಡಾಗ ಕಿತ್ತು ನೋಡಿ: ಗೋಡೆಗೆ ಅಂಟಿದ್ದ ಬದಿ ಬೂದು ಬಣ್ಣದಲ್ಲೇ ಇರುತ್ತದೆ, ಹೊರಬದಿಯ ಮೇಲೆ ಸಣ್ಣ ಬಿಳಿ ಹರಳು ಕೂತಿರುತ್ತದೆ. ಹರಳು ಕಾಣುವುದು ಕಡಿಮೆಯಾಗುವ ತನಕ ಮತ್ತೆ ಮೆತ್ತಬೇಕು.

ಇದಕ್ಕೆ, ಸುಣ್ಣ ಕಲಸುವುದಕ್ಕೆ, ಬಣ್ಣ ತೆಳು ಮಾಡುವುದಕ್ಕೆ ಬೋರ್‌ವೆಲ್ ನೀರು ಮುಟ್ಟಲೇಬೇಡಿ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕೆಲವೇ ರೂಪಾಯಿಗೆ ಸಿಗುವ 20 ಲೀಟರ್ ಕ್ಯಾನ್ ಸಾಕು. ಇಡೀ ಕೆಲಸದಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಸಾಮಾನು ಬೇರೆ ಇಲ್ಲ.

ಕೆತ್ತಿದ ಜಾಗಕ್ಕೆ ಗಾರೆ. ಅರಳಿಸಿ ನೆನೆಸಿಟ್ಟ ಸುಣ್ಣ ಒಂದು ಪಾಲು, ಸುರ್ಕಿ (ಇಟ್ಟಿಗೆ ಪುಡಿ) ಒಂದು, ಪಿ-ಸ್ಯಾಂಡ್ (ಪ್ಲಾಸ್ಟರಿನ ನುಣ್ಣನೆ ಮರಳು) ಎರಡು. ಎರಡು ವರಸೆ, ಯಾವುದೂ ಅರ್ಧ ಇಂಚು ಮೀರಬಾರದು; ದಪ್ಪ ಹಾಕಿದರೆ ಬಿರುಕು. ನಮ್ಮ ಕಡೆಯ ಒಣ ಗಾಳಿಗೆ ಬೇಗ ಆರಿದರೆ ಪುಡಿ ಪುಡಿಯಾಗುತ್ತದೆ, ಹಾಗಾಗಿ ಒಂದು ವಾರವಾದರೂ ಒದ್ದೆ ಗೋಣಿಚೀಲದ ಮರೆ ಬೇಕು. ಮೇಸ್ತ್ರಿ ಮೇಲೆ ಕಣ್ಣಿರಲಿ: ‘ಗಟ್ಟಿ ಬರ್ಲಿ ಸಾರ್’ ಎಂದು ಎರಡು ಬಾಣಲಿ ಸಿಮೆಂಟ್ ಸೇರಿಸಿಬಿಡುತ್ತಾರೆ. ಸೇರಿದರೆ ಗೋಡೆಯ ಉಸಿರು ಕಟ್ಟಿತು, ತೇವ ಇನ್ನೂ ಮೇಲಕ್ಕೆ ಏರಿ ಚಿತ್ರದ ನಡುವೆ ಹೊರಬೀಳುತ್ತದೆ. ಗಾರೆಯ ಮೇಲೆ ಸುಣ್ಣದ ತಿಳಿ ಮೂರು ಕೋಟ್. ಅದಕ್ಕೆ ಸೇರಿಸುವ ಅಂಟು ಯಾವುದು, ಎಷ್ಟು ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಈ ಎರಡೂವರೆ ಅಡಿಯನ್ನೇ ವಿನ್ಯಾಸದ ಭಾಗ ಮಾಡಿಕೊಂಡದ್ದು ಈ ಗೋಡೆಯ ಹೆಚ್ಚುಗಾರಿಕೆ. ಕೋಲಾರದ ಪಾಲಿಗೆ ದೇವಸ್ಥಾನದ ಗೋಡೆಯ ಸುಣ್ಣ-ಕೆಮ್ಮಣ್ಣಿನ ಪಟ್ಟೆ. ಅದೇ ಪಟ್ಟೆ ಮಿನ್ಸ್ಕ್ ಕಡೆಗೆ ಸಾಗಿದಂತೆ, ಬೆಲಾರೂಸ್‌ನವರು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಹಾಕುವ ಕಸೂತಿಯ ಚೌಕಗಳಾಗುತ್ತವೆ. ಎರಡಕ್ಕೂ ಬೇಕಾದದ್ದು ಕೆಂಪು ಮತ್ತು ಬಿಳುಪು ಮಾತ್ರ. ಕೊನೆಯ ಸುಣ್ಣ ಹಸಿಯಿರುವಾಗಲೇ ಕೆಮ್ಮಣ್ಣು ಹಚ್ಚಿದರೆ ಅದು ಸುಣ್ಣದೊಳಗೇ ಹಿಡಿದುಕೊಳ್ಳುತ್ತದೆ, ಕೈಗೆ ಹತ್ತುವುದಿಲ್ಲ. ಚೌಕಗಳಿಗೆ ಖಾಕಿ ಕಾಗದಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿ, ಇದ್ದಿಲಪುಡಿಯ ಗಂಟು ತಟ್ಟಿದರೆ ಗುರುತು ಸಿದ್ಧ.

ಮೇಲಿನ ನಾಲ್ಕೂವರೆ ಅಡಿಗೆ ಪುಟ್ಟಿ ಇಲ್ಲ. ಸ್ಪಂಜ್ ಫಿನಿಶ್ ಪ್ಲಾಸ್ಟರ್ ಮೇಲೆ ತೆಳ್ಳಗೆ ಒಂದು ಕೋಟ್ ಎಕ್ಸ್‌ಟೀರಿಯರ್ ಪ್ರೈಮರ್, ನಂತರ ನೇರ ಎಮಲ್ಷನ್. ಎನಾಮೆಲ್ ಬೇಡವೇ ಬೇಡ. ಪ್ರೈಮರ್‌ಗೆ ಮುಂಚೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಒರಟು ಮೈ ಆದ್ದರಿಂದ ಮೂರು ಇಂಚಿಗಿಂತ ಚಿಕ್ಕ ಅಕ್ಷರ ಓದಲು ಬರುವುದಿಲ್ಲ.

ಇನ್ನು ಚಿತ್ರವನ್ನು ಗೋಡೆಗೆ ಇಳಿಸುವುದು. ನೆಲ ಇಳಿಜಾರು, ನೂಲು ಹೊಡೆದು ಚೌಕ ಹಾಕಿದರೆ ಎಲ್ಲ ಓರೆ ಕಾಣುತ್ತದೆ. ಪ್ರೊಜೆಕ್ಟರ್ ಬೆಳಕನ್ನು ರಸ್ತೆಯ ಹೆಡ್‌ಲೈಟ್ ನುಂಗುತ್ತದೆ. ಗೋಡೆ ತುಂಬ ಸೀಮೆಸುಣ್ಣದಲ್ಲಿ ಬೇರೆ ಬೇರೆ ಗೀಚು ಗುರುತು ಹಾಕಿ, ಹನ್ನೆರಡು ಅಡಿಗೊಂದು ಫೋಟೊ ತೆಗೆದು, ಮೊಬೈಲಿನಲ್ಲಿ ನಕ್ಷೆಯನ್ನು ಅದರ ಮೇಲೆ ಕೂರಿಸಿ, ಗೀಚುಗಳ ಗುರುತು ಹಿಡಿದು ಗೆರೆ ಎಳೆಯುವುದೇ ಸರಿ.

ಬಣ್ಣದಲ್ಲಿ ಕಾಡಿದ್ದು ಗೋಲ್ಡನ್ ಗೇಟ್ ಸೇತುವೆ. 1937ರ ಆ ಸೇತುವೆಯ ಕಿತ್ತಳೆ ಬಹಳ ಹೆಸರಾದದ್ದು, ಬೇರೆ ಹಚ್ಚಿದರೆ ನೋಡಿದವರು ಒಪ್ಪುವುದಿಲ್ಲ. ಅಂಗಡಿಯ ಮಿಷನ್ನಿನಲ್ಲಿ ಕಲಸಿದ ಹೊಳೆಯುವ ಕಿತ್ತಳೆ ಪಶ್ಚಿಮದ ಬಿಸಿಲಿಗೆ ಸಪ್ಪೆಯಾಗುತ್ತದೆ. ಕೆಳಗೆ ರೆಡ್ ಆಕ್ಸೈಡ್ ಮತ್ತು ಹಳದಿ ಆಕ್ಸೈಡ್ ಸೇರಿಸಿ ಗಟ್ಟಿ ಕೋಟ್, ಮೇಲೆ ತೆಳ್ಳಗೆ ಕಿತ್ತಳೆ: ಮೇಲಿನದು ಮಾಸಿದರೂ ಸೇತುವೆ ಉಳಿಯುತ್ತದೆ. ಚಿನ್ನಕ್ಕೆ ಬಳಸುವ ಹಿತ್ತಾಳೆ ಪುಡಿ ಹೊರಗೋಡೆಯಲ್ಲಿ ಕಪ್ಪು-ಹಸಿರಾಗುತ್ತದೆ. ಬೇರೆ ತುಂಡಿನ ಮೇಲೆ ನೋಡಿಯೇ ಅಭ್ರಕದ ಪರ್ಲ್ ಪುಡಿಗೆ ಹೋದದ್ದು. ಕೆಜಿಎಫ್‌ನ ಗಣಿ ತ್ಯಾಜ್ಯದ ಸೈನೈಡ್ ಗುಡ್ಡದ ಮಣ್ಣನ್ನೇ ಗಣಿಯ ಚಿತ್ರಕ್ಕೆ ಮೆತ್ತೋಣ ಎಂದವರಿದ್ದರು. ಆ ಧೂಳು ಊರಿಗೆ ಕೊಟ್ಟ ತೊಂದರೆಯೇ ಸಾಕು ಎಂದು ಬಿಟ್ಟೆವು. ಮಿನ್ಸ್ಕ್‌ನ ರಾಷ್ಟ್ರೀಯ ಗ್ರಂಥಾಲಯಕ್ಕೆ 18 ಚೌಕ, 8 ತ್ರಿಕೋನ, ಒಟ್ಟು 26 ಮುಖ; ಒಂದೇ ನೀಲಿಯಲ್ಲಿ ಮೂರು ಛಾಯೆ ಕೊಟ್ಟರೆ ಮಾತ್ರ ಗುಂಡಗೆ ಕಾಣುತ್ತದೆ.

ಖರ್ಚು ಎಲ್ಲ ಸೇರಿ 85,000 ರೂಪಾಯಿ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಕೆತ್ತನೆ, ಗಾರೆ, ಗೋಡೆಯ ತಲೆಗೆ ಹಾಕಿದ ಇಳಿಜಾರು ಹೊದಿಕೆಗೇ (ಕೋಪಿಂಗ್) ಹೋಯಿತು; ಬಣ್ಣದ ಅಂಗಡಿಗೆ ಕೊಟ್ಟದ್ದು ಹದಿನೈದು ಸಾವಿರದ ಹತ್ತಿರ. ‘ಫ್ಲೆಕ್ಸ್ ಹಾಕಿದ್ರೆ ಹತ್ತು ಸಾವಿರಕ್ಕೆ ಆಗ್ತಿತ್ತಲ್ಲ’ ಎಂಬ ಮಾತು ದುಡ್ಡು ಕೊಡುವವರಿಂದ ಬಂದೇ ಬರುತ್ತದೆ. ಅಂದಾಜುಪಟ್ಟಿಯಲ್ಲಿ ಗೋಡೆಯ ರಿಪೇರಿ ಮತ್ತು ಚಿತ್ರವನ್ನು ಬೇರೆ ಬೇರೆ ತೋರಿಸಿ, ರಿಪೇರಿಯ ಹಣ ಮೊದಲು ಕೈಗೆ ಬಂದ ಮೇಲೇ ಉಳಿ ಹಿಡಿಸಿ.

ಗೋಡೆಯ ಬುಡಕ್ಕೆ ಒಂದಡಿ ಅಗಲ ಜಲ್ಲಿ ಹಾಸಿ; ಆಗ ಮಳೆಯ ಕೆಸರು ಎರಚುವುದಿಲ್ಲ. ಪ್ರತಿ ವರ್ಷ ಯುಗಾದಿಗೆ ಮುಂಚೆ ಕೆಳಗಿನ ಪಟ್ಟಿಗೆ ಮಾತ್ರ ಸುಣ್ಣ-ಕೆಮ್ಮಣ್ಣು ಹೊಸದಾಗಿ ಕೊಡಬೇಕು: ಒಂದು ಮೂಟೆ ಸುಣ್ಣ, ಎರಡು ಆಳು, ಅದೇ ಕಾಗದದ ಅಚ್ಚು. ಅಚ್ಚುಗಳನ್ನು ಸುತ್ತಿ ಆಫೀಸಿನ ಬೀರುವಿನಲ್ಲಿ ಇಡಿಸಿ, ಆ ಪಟ್ಟಿಗೆ ಡಿಸ್ಟೆಂಪರ್ ಹಚ್ಚಬಾರದು ಎಂದು ಬರೆದು ಅದರ ಜೊತೆಗೇ ಕಟ್ಟಿಡಿ.