ನೆಂಟರ ಮಗಳು ಅರ್ಜಿ ಹಾಕಿದಾಗ ಕುರ್ಚಿ ಬಿಡುವ ಕ್ರಮ

ಶಾಲೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಹೊಸನಗರದ ಕಡೆ ಅತಿಥಿ ಶಿಕ್ಷಕರ ಅರ್ಜಿಗಳು ಬರತೊಡಗುತ್ತವೆ. ಕಾಯಂ ಶಿಕ್ಷಕರ ನೇಮಕ ಊರಿನವರ ಕೈಯಲ್ಲಿಲ್ಲ. ಅದಕ್ಕೆ ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಇದೆ, ಸ್ಪರ್ಧಾತ್ಮಕ ಪರೀಕ್ಷೆ ಇದೆ, ಇಲಾಖೆಯ ಆಯ್ಕೆ ಪಟ್ಟಿ ಇದೆ. ಅತಿಥಿ ಶಿಕ್ಷಕರ ಆಯ್ಕೆ ಮಾತ್ರ ಮುಖ್ಯ ಶಿಕ್ಷಕರ ಮೇಜಿನ ಮೇಲೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರ ಕಣ್ಣೆದುರು ಆಗುವಂಥದ್ದು. ನೆಂಟಸ್ತಿಕೆ ನುಸುಳುವುದೂ ಅಲ್ಲೇ.

ಮೂವತ್ತು ಮನೆಯ ಊರಲ್ಲಿ ಎಲ್ಲರೂ ಹೆಣ್ಣು ಕೊಟ್ಟು ತಂದವರೇ. ನೆಂಟರು ಅರ್ಜಿ ಹಾಕಲೇಬಾರದು ಎಂದರೆ ಅದು ಅನ್ಯಾಯ. ಸಂವಿಧಾನದ 16ನೇ ವಿಧಿ ವಂಶದ ಕಾರಣಕ್ಕೆ ಯಾರನ್ನೂ ಸರ್ಕಾರಿ ಉದ್ಯೋಗದಿಂದ ದೂರ ಇಡುವಂತಿಲ್ಲ ಎನ್ನುತ್ತದೆ. ನೆಂಟರು ಅರ್ಜಿ ಹಾಕಲಿ, ಏಳಬೇಕಾದವರು ಆರಿಸುವ ಕಡೆ ಕೂತವರು.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಮುಖ್ಯ ಶಿಕ್ಷಕಿಯಾಗಿದ್ದ ಒಂದು ಶಾಲೆಯಲ್ಲಿ ಒಂದು ಹುದ್ದೆಗೆ ಇಬ್ಬರು ಬಂದರು. ಒಬ್ಬಳು ನನ್ನ ಅಕ್ಕನ ಮಗಳು. ಇನ್ನೊಬ್ಬಳು ಹೊಳೆಯಾಚೆಯವಳು, ಅಂಕಪಟ್ಟಿಗಳನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದ ತುಂಡಿನಲ್ಲಿ ಸುತ್ತಿ, ಎದೆಗವಚಿಕೊಂಡು ನಡೆದು ಬಂದಿದ್ದಳು. ಅಕ್ಕನ ಮಗಳ ಅಂಕ ನಿಜಕ್ಕೂ ಮೂರು ಹೆಚ್ಚಿತ್ತು, ಅವಳನ್ನೇ ಆರಿಸಿದೆ. ಆ ಹುಡುಗಿ ಪಟ್ಟಿ ನೋಡಿ, "ಅವರು ನಿಮ್ಮ ಮನೆಯವರಾ, ಟೀಚರ್?" ಎಂದಷ್ಟೇ ಕೇಳಿದಳು. ಹೌದು ಎಂದೆ. ಆಮೇಲೆ ಆ ಮೂರು ಅಂಕದ ಲೆಕ್ಕವನ್ನು ಊರಲ್ಲಿ ಯಾರೂ ನಂಬಲಿಲ್ಲ. ಅಕ್ಕನ ಮಗಳು ವರ್ಷವಿಡೀ ಚೆನ್ನಾಗಿ ಪಾಠ ಮಾಡಿದರೂ "ಚಿಕ್ಕಮ್ಮನ ಕೃಪೆ" ಎಂಬ ಮಾತು ಕೇಳುತ್ತಲೇ ಇದ್ದಳು. ನಾನು ಆ ಕುರ್ಚಿಯಲ್ಲಿ ಕೂತದ್ದು ಇಬ್ಬರಿಗೂ ಮಾಡಿದ ಅನ್ಯಾಯ.

ಆದ್ದರಿಂದ ಮುಖ್ಯ ಶಿಕ್ಷಕರೇ, ಎಸ್‌ಡಿಎಂಸಿ ಅಧ್ಯಕ್ಷರೇ, ಅರ್ಜಿಯ ಲಕೋಟೆ ಒಡೆಯುವ ಮೊದಲೇ ಇಲಾಖೆಯ ಸುತ್ತೋಲೆ ಮುಂದಿಟ್ಟುಕೊಂಡು ಯಾವ ವಿದ್ಯಾರ್ಹತೆಗೆ ಎಷ್ಟು ಅಂಕ ಎಂದು ಬರೆದು ಸಹಿ ಹಾಕಿ. ಹೆಸರು ನೋಡಿದ ಮೇಲೆ ಅಳತೆಗೋಲು ಮಾಡಿದರೆ ಅದು ಯಾರದೋ ಅಳತೆಗೆ ಹೊಲಿದ ಅಂಗಿಯಾಗುತ್ತದೆ. ಬಳಿಕ ಅರ್ಜಿದಾರರ ಹೆಸರು, ಊರು, ತಂದೆ ಅಥವಾ ಗಂಡನ ಹೆಸರನ್ನು ಗಟ್ಟಿಯಾಗಿ ಓದಿ, ಯಾರಿಗೆ ಯಾರು ಏನಾಗಬೇಕು ಎಂದು ಕೇಳಿ. ಮಕ್ಕಳು, ಒಡಹುಟ್ಟಿದವರಷ್ಟೇ ಅಲ್ಲ, ಸೊಸೆ, ನಾದಿನಿ, ಭಾವನ ಮಗಳು, ಬೀಗರ ಮನೆಯವರೂ ಲೆಕ್ಕಕ್ಕೆ ಬರಬೇಕು. ತೋಟವನ್ನು ಗೇಣಿಗೆ ಕೊಟ್ಟವರು, ಸಾಲದ ವ್ಯವಹಾರ ಇದ್ದವರೂ ಬಾಯಿ ಬಿಟ್ಟು ಹೇಳಿದರೆ ಒಳ್ಳೆಯದು.

ಸಂಬಂಧ ಇದ್ದವರು ನಡಾವಳಿ ಪುಸ್ತಕದಲ್ಲಿ ತಮ್ಮ ಕೈಯಾರೆ ಬರೆಯಲಿ: "ಕ್ರಮ ಸಂಖ್ಯೆ 3ರ ಅರ್ಜಿದಾರರು ನನ್ನ ತಂಗಿಯ ಮಗಳು. ಈ ಹುದ್ದೆಯ ಆಯ್ಕೆಯ ಯಾವ ಹಂತದಲ್ಲೂ ನಾನು ಭಾಗವಹಿಸುವುದಿಲ್ಲ." ಕೆಳಗೆ ಸಹಿ, ದಿನಾಂಕ, ಸಮಯ.

"ನಮ್ಮವಳ ಸರದಿ ಬಂದಾಗ ಹೊರಗಿರುತ್ತೇನೆ, ಉಳಿದವರಿಗೆ ನಾನೇ ಅಂಕ ಹಾಕುತ್ತೇನೆ" ಎನ್ನುವವರಿದ್ದಾರೆ. ಅದು ಸಾಲದು. ಉಳಿದವರಿಗೆ ಒಂದೊಂದು ಅಂಕ ಕಡಿಮೆ ಹಾಕಿದರೂ ನಮ್ಮವಳು ಮೇಲೆ ಬರುತ್ತಾಳಲ್ಲ! ಹರಿಯಾಣದ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ಇದನ್ನೇ ಬಿಡಿಸಿ ಹೇಳಿತು: ಲೋಕಸೇವಾ ಆಯೋಗದ ಸದಸ್ಯರು ನೆಂಟರ ಸಂದರ್ಶನದಿಂದ ಹೊರಗಿದ್ದರೆ ಸಾಕು, ಆದರೆ ಸಾಮಾನ್ಯ ಆಯ್ಕೆ ಸಮಿತಿಯ ಸದಸ್ಯರು ಆಯ್ಕೆಯಿಂದಲೇ ಪೂರ್ತಿ ಹಿಂದೆ ಸರಿಯಬೇಕು. ನಮ್ಮದು ಎರಡನೆಯ ಬಗೆಯದು. ಎದ್ದವರು ಶಾಲೆಯ ಜಗಲಿಯಲ್ಲೂ ಕೂರಬಾರದು, ಕಿಟಕಿಯಿಂದ ಮುಖ ಕಂಡರೆ ಒಳಗಿದ್ದವರಿಗೆ ದಾಕ್ಷಿಣ್ಯ ಹತ್ತುತ್ತದೆ. ಮನೆಗೆ ಹೋಗಿಬಿಡಿ.

ಮುಖ್ಯ ಶಿಕ್ಷಕರದೇ ಸಂಬಂಧವಾದರೆ ಅಂದೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ತಿಳಿಸಿ, ಪಕ್ಕದ ಶಾಲೆಯ ಮುಖ್ಯ ಶಿಕ್ಷಕರಿಂದ ಆಯ್ಕೆ ಮಾಡಿಸಲು ಕೋರಿ. ಪತ್ರದ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಆಯ್ಕೆ ಮುಗಿದ ದಿನವೇ ಎಲ್ಲರ ಅಂಕಗಳಿರುವ ಪಟ್ಟಿಯನ್ನು ಮಳೆ ನೀರು ಸಿಡಿಯದ ಕಡೆ ಅಂಟಿಸಿ, ಬರೀ ಆಯ್ಕೆಯಾದವರ ಹೆಸರನ್ನಲ್ಲ.

ಕೆಲಸ ಸಿಗದವರಿಗೂ ಒಂದು ಮಾತು. ಅನುಮಾನವಿದ್ದರೆ ಜಗಳಕ್ಕೆ ಹೋಗಬೇಡಿ. ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅಂಕಗಳ ಪಟ್ಟಿ ಮತ್ತು ಆ ದಿನದ ನಡಾವಳಿಯ ಪ್ರತಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 30 ದಿನದೊಳಗೆ ಉತ್ತರ ಬರದಿದ್ದರೆ ನಂತರದ 30 ದಿನದಲ್ಲಿ ಮೊದಲ ಮೇಲ್ಮನವಿ ಹಾಕಬಹುದು. ಇದನ್ನು ಅಂದೇ ಆ ಹುಡುಗಿಗೆ ನಾನು ಹೇಳಿಕೊಡಬೇಕಿತ್ತು. ಹೊಳೆ ಏರುವ ಮೊದಲು ಸಂಕ ದಾಟಬೇಕು ಎಂದು ಅವಳು ಆ ಪ್ಲಾಸ್ಟಿಕ್ಕನ್ನು ಮತ್ತೆ ಸುತ್ತಿಕೊಂಡು ಹೊರಟುಬಿಟ್ಟಳು.