ರೆಸೊನೇಟರ್ ಗಿಟಾರಿಗೆ ಪಿಕಪ್: ಕೋನ್ ದನಿ ಕೆಡದಂತೆ ನಾನು ಕೂರಿಸಿದ ಬಗೆ

ರೆಸೊನೇಟರ್ ಗಿಟಾರಿಗೆ ಪಿಕಪ್, ಅಂದರೆ ದನಿಯನ್ನು ಹಿಡಿದು ಸ್ಪೀಕರಿನ ಕಡೆ ಕಳಿಸುವ ಸಾಧನ, ಹುಡುಕುವವರು ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ಕಂಪನಿಯನ್ನೂ ಅಲ್ಲ. ಈ ವಾದ್ಯದ ದನಿ ಎಲ್ಲಿ ಹುಟ್ಟುತ್ತದೆ ಅನ್ನೋದನ್ನು. ಮಾಮೂಲಿ ಗಿಟಾರಿನಲ್ಲಿ ಮುಂದಿನ ಮರದ ಹಲಗೆ ಕಂಪಿಸುತ್ತದೆ. ಇದರಲ್ಲಿ ಆ ಕೆಲಸ ಮಾಡೋದು ಒಳಗೆ ಕೂತಿರುವ ಅಲ್ಯೂಮಿನಿಯಂ ಕೋನ್. ಹಪ್ಪಳದಷ್ಟು ತೆಳುವಾದ ವಸ್ತು. ಅದರ ಮೇಲೆ ಸ್ವಲ್ಪ ಭಾರ ಹಾಕಿದರೂ ದನಿ ಮಂಕಾಗುತ್ತದೆ. ಒಂದು ಕಡೆ ವೈರ್ ತಾಗಿದರೂ ಜಿರ್ ಜಿರ್ ಅನ್ನುತ್ತದೆ. ಹಾಗಾಗಿ ಕೋನಿನ ಮಾತು ಕೇಳಬೇಕು, ಆದರೆ ಅದಕ್ಕೆ ಅಡ್ಡಿಯಾಗಬಾರದು. ನಾನು ಪಿಕಪ್ ಆರಿಸಿದ್ದು, ಕೂರಿಸಿದ್ದು ಎಲ್ಲ ಇದೊಂದೇ ಲೆಕ್ಕದ ಮೇಲೆ.

ನಾನು ಕಲಬುರಗಿಯಲ್ಲಿ ವಚನ, ತತ್ವಪದ ಹಾಡುವವರ ಜೊತೆ ಸ್ಲೈಡ್ ಗಿಟಾರ್ ನುಡಿಸುತ್ತೇನೆ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎಡಗೈಯಲ್ಲಿ ಸ್ಟೀಲ್ ಬಾರ್ ಹಿಡಿದು. ಹಿಂದೂಸ್ತಾನಿ ಸಂಗೀತಕ್ಕೆ ಈ ರೀತಿಯ ಗಿಟಾರ್ ಎಷ್ಟು ಒಗ್ಗುತ್ತದೆ ಅಂತ ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರಂಥವರು ತೋರಿಸಿಕೊಟ್ಟಿದ್ದಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಎಳೆಯೋದಕ್ಕೆ ಇದಕ್ಕಿಂತ ಹಿತವಾದ ವಾದ್ಯ ನನಗಂತೂ ಸಿಕ್ಕಿಲ್ಲ. ಕೋನಿನಿಂದ ಬರುವ ಆ ಲೋಹದ ಕೊರಗು ತತ್ವಪದದ ಏಕತಾರಿ ಜೊತೆ ಸೇರಿದರೆ ಮೈ ಜುಮ್ ಅನ್ನುತ್ತದೆ.

ಮನೆಯಲ್ಲಿ, ಗುಡಿಯ ಪಡಸಾಲೆಯಲ್ಲಿ ಪಿಕಪ್ ಬೇಕಾಗಿಲ್ಲ. ಈ ಗಿಟಾರ್ ಹುಟ್ಟಿದ್ದೇ ಜೋರು ದನಿಗಾಗಿ. 1927ರ ಸುಮಾರಿಗೆ ಅಮೆರಿಕದಲ್ಲಿ ಜಾನ್ ಡೊಪೆರಾ ಮತ್ತು ಜಾರ್ಜ್ ಬೋಷಾಂ ಇದನ್ನು ಹೊರತಂದಾಗ, ಬ್ಯಾಂಡಿನ ಕಹಳೆ, ಡ್ರಮ್ ನಡುವೆ ಗಿಟಾರ್ ಕೇಳಿಸಲಿ ಅನ್ನೋದೇ ಉದ್ದೇಶವಾಗಿತ್ತು. ಇದೇ ಬೋಷಾಂ ಕೆಲವೇ ವರ್ಷಗಳಲ್ಲಿ, 1931ರ ಹೊತ್ತಿಗೆ, ಅಯಸ್ಕಾಂತದ ಪಿಕಪ್ ಇರುವ ಎಲೆಕ್ಟ್ರಿಕ್ ಗಿಟಾರನ್ನೂ ಮಾಡಿದರು. ಕೋನಿಗೂ ಪಿಕಪ್ಪಿಗೂ ನಂಟು ಅಷ್ಟು ಹಳೆಯದು. ಆದರೆ ಜಾತ್ರೆಯ ಪೆಂಡಾಲಿನಲ್ಲಿ ಹಾರ್ಮೋನಿಯಂ, ತಬಲಾ, ದಮ್ಮಡಿ ಎಲ್ಲದಕ್ಕೂ ಮೈಕ್ ಇರುವಾಗ ಕೋನ್ ಒಂದೇ ಏನು ಮಾಡೀತು? ಮೈಕನ್ನು ಗಿಟಾರಿನ ಮುಂದೆ ಇಟ್ಟರೆ ದನಿ ಚೆನ್ನಾಗಿಯೇ ಬರುತ್ತದೆ. ಸಣ್ಣ ಬೈಠಕ್‌ಗೆ ನಾನು ಈಗಲೂ ಹಾಗೇ ಮಾಡುತ್ತೇನೆ. ದೊಡ್ಡ ಸ್ಪೀಕರ್ ಇರುವ ಕಡೆ ಅದೇ ಮೈಕ್ ಪಕ್ಕದ ದಮ್ಮಡಿಯನ್ನೂ ಹಿಡಿಯುತ್ತದೆ, ಸ್ವಲ್ಪ ಏರಿಸಿದರೆ ಕುಂಯ್ ಅಂತ ಕೂಗುತ್ತದೆ.

ಪಿಕಪ್ ಕೊಳ್ಳುವ ಮುಂಚೆ ನಿಮ್ಮ ಗಿಟಾರ್ ಯಾವ ಬಗೆಯದು ಅಂತ ನೋಡಿಕೊಳ್ಳಿ. ಮೂರು ಬಗೆ ಇವೆ. ಸಣ್ಣ ಮೂರು ಕೋನ್ ಇರುವುದು ಟ್ರೈಕೋನ್. ಒಂದೇ ಕೋನ್ ಬಟ್ಟಲಿನಂತೆ ಮೇಲ್ಮುಖವಾಗಿ ಕೂತು, ಅದರ ಮೇಲೆ ಎಂಟು ಕಾಲಿನ ಲೋಹದ ಚೌಕಟ್ಟು ಇದ್ದರೆ ಸ್ಪೈಡರ್ ಬ್ರಿಡ್ಜ್. ಕೋನಿನ ತುದಿ ತಂತಿಯ ಕಡೆ ಎದ್ದು, ಅದರ ನೆತ್ತಿಯ ಮೇಲೆ ಒಂದು ದುಂಡನೆಯ ಮರದ ತುಂಡು ಕೂತಿದ್ದರೆ ಬಿಸ್ಕಿಟ್ ಬ್ರಿಡ್ಜ್. ಸ್ಪೈಡರಿಗೆ ಮಾಡಿದ ಪಿಕಪ್ ಬಿಸ್ಕಿಟ್ಟಿಗೆ ಹೊಂದುವುದಿಲ್ಲ. ಫಿಶ್‌ಮನ್ ಕಂಪನಿಯ ನ್ಯಾಶ್‌ವಿಲ್ ಪಿಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದು ಸ್ಪೈಡರಿನದು. ನನ್ನದು ಮರದ ಮೈಯ, ಒಂಬತ್ತೂವರೆ ಇಂಚು ಕೋನಿನ ಬಿಸ್ಕಿಟ್ ಗಿಟಾರ್.

ಇನ್ನು ಪಿಕಪ್‌ಗಳ ವಿಷಯ. ಅಯಸ್ಕಾಂತದ ಪಿಕಪ್ ತಂತಿಯ ಕೆಳಗೆ, ಕತ್ತಿನ ತುದಿಯ ಹತ್ತಿರ ಕೂರುತ್ತದೆ. ತೆಳುವಾದವು ಸಿಗುತ್ತವೆ, ಮರ ಕೊರೆಯದೆ ಅಂಟಿಸಬಹುದು. ಕುಂಯ್ ಅನ್ನುವ ಫೀಡ್‌ಬ್ಯಾಕ್ ಕಾಟ ಕಡಿಮೆ. ಡ್ರಮ್ ಸೆಟ್, ಬೇಸ್ ಗಿಟಾರ್ ಇರುವ ಬ್ಯಾಂಡಿನಲ್ಲಿ ನುಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದು ಕೇಳೋದು ತಂತಿಯನ್ನು, ಕೋನನ್ನಲ್ಲ. ಇನ್ನೊಂದು ಮಾತು, ಕಂಚು ಸುತ್ತಿದ ತಂತಿ ಹಾಕಿದರೆ ಅಯಸ್ಕಾಂತಕ್ಕೆ ಸಿಗೋದು ಒಳಗಿನ ಉಕ್ಕಿನ ಎಳೆ ಮಾತ್ರ. ಮೇಲಿನ ಎರಡು ಬರಿ ತಂತಿ ಜೋರಾಗಿ, ಉಳಿದವು ಸಣ್ಣಗೆ ಕೇಳುತ್ತವೆ. ನಿಕಲ್ ಸುತ್ತಿನ ತಂತಿಗೆ ಬದಲಾಯಿಸಬೇಕಾಗುತ್ತದೆ. ನನಗೆ ಕಂಚಿನ ದನಿಯೇ ಬೇಕಿತ್ತು.

ಇನ್ನೊಂದು ಬಗೆ ಪಿಯೆಜೊ ಪಿಕಪ್. ಅದು ಒತ್ತಡವನ್ನು, ಕಂಪನವನ್ನು ನೇರವಾಗಿ ಹಿಡಿಯುತ್ತದೆ. ಅದನ್ನು ಎಲ್ಲಿ ಕೂರಿಸುತ್ತೇವೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ಇದನ್ನು ತಿಳಿಯೋಕೆ ದುಬಾರಿ ಪಿಕಪ್ ಬೇಕಾಗಿಲ್ಲ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಬಝರಿಗೆ ಹಾಕುವ ಪಿಯೆಜೊ ಡಿಸ್ಕ್ ತಂದೆ. ತುಂಬ ಅಗ್ಗದ ವಸ್ತು. ಶೀಲ್ಡ್ ವೈರ್ ಬೆಸೆದು, ಎರಡು ಬದಿಯ ಟೇಪಿನಿಂದ ಬೇರೆ ಬೇರೆ ಕಡೆ ಅಂಟಿಸಿ ರೆಕಾರ್ಡ್ ಮಾಡಿ ಕೇಳಿದೆ. ಮರದ ಹಲಗೆಯ ಮೇಲೆ ಅಂಟಿಸಿದಾಗ ಯಾವುದೋ ಸಾಧಾರಣ ಗಿಟಾರಿನಂತೆ ಕೇಳಿತು. ಮೇಲಿನ ಲೋಹದ ಕವರ್ ಪ್ಲೇಟಿನ ಮೇಲೆ ಇಟ್ಟಾಗ ಕೈ ತಾಗಿದ ಸದ್ದೇ ಜಾಸ್ತಿ. ಸಣ್ಣ ಡಿಸ್ಕನ್ನು ಬಿಸ್ಕಿಟ್ಟಿನ ಮೇಲೆ, ತಂತಿಗಳು ಕೂರುವ ಪಟ್ಟಿಯಾದ ಸ್ಯಾಡಲಿನ ಪಕ್ಕ ಅಂಟಿಸಿದಾಗ ಕೋನ್ ಮಾತಾಡಿತು. ದನಿ ಒರಟಾಗಿತ್ತು ನಿಜ, ಆದರೆ ಆ ಕೊರಗು ಅದರಲ್ಲಿತ್ತು. ಅಲ್ಲಿಗೆ ತೀರ್ಮಾನ ಆಯ್ತು. ಒಳಗೇ ಪಿಯೆಜೊ ಹುದುಗಿಸಿದ, ಮೇಪಲ್ ಮರದ ರೆಡಿ ಬಿಸ್ಕಿಟ್ ತರಿಸಿದೆ.

ಪಿಕಪ್ಪಿನ ಸಣ್ಣ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪ್ರಿಆಂಪನ್ನು ಗಿಟಾರಿನ ಹೊಟ್ಟೆಯೊಳಗೆ ಹಾಕಲಿಲ್ಲ. ಈ ಗಿಟಾರಿಗೆ ಕೈ ಹಾಕುವಂಥ ದೊಡ್ಡ ತೂತು ಇಲ್ಲ. ಬ್ಯಾಟರಿ ಮುಗಿದಾಗೆಲ್ಲ ತಂತಿ ಸಡಿಲಿಸಿ ಕೋನ್ ಎತ್ತಬೇಕು. ಹೊರಗಿನ ಡಬ್ಬಿಯೇ ಸರಿ.

ಆದರೆ ಪ್ರಿಆಂಪ್ ಇಲ್ಲದೆ ಮಾತ್ರ ನಡೆಯೋದಿಲ್ಲ. ಪಿಯೆಜೊ ಒಂದು ಕೆಪಾಸಿಟರ್ ಇದ್ದ ಹಾಗೆ. ಸಾಮಾನ್ಯ 27 ಮಿಲಿಮೀಟರ್ ಡಿಸ್ಕಿನ ಕೆಪಾಸಿಟೆನ್ಸ್ ಸುಮಾರು 20 ನ್ಯಾನೊಫ್ಯಾರಡ್. ಅದನ್ನು ಮಿಕ್ಸರಿನ 10 ಕಿಲೊ ಓಮ್ ಇನ್‌ಪುಟ್ಟಿಗೆ ನೇರ ಚುಚ್ಚಿದರೆ 800 ಹರ್ಟ್ಸ್ ಕೆಳಗಿನದೆಲ್ಲ ಸೋರಿಹೋಗುತ್ತದೆ. ಅದೇ ಡಿಸ್ಕ್ 1 ಮೆಗಾ ಓಮ್ ಇನ್‌ಪುಟ್ಟಿಗೆ ಹೋದರೆ ಆ ಗೆರೆ 8 ಹರ್ಟ್ಸಿಗೆ ಇಳಿಯುತ್ತದೆ, ಅಂದರೆ ಪೂರ್ತಿ ದನಿ ಸಿಗುತ್ತದೆ. ಡಿಸ್ಕ್ ಸಣ್ಣದಾದಷ್ಟೂ ಇನ್ನೂ ಹೆಚ್ಚಿನ ಓಮ್ ಬೇಕು. ಹಾಗಾಗಿ ನನ್ನ ಪ್ರಿಆಂಪ್ 10 ಮೆಗಾ ಓಮ್ ಇನ್‌ಪುಟ್ಟಿನದು. ಪಿಯೆಜೊ ದನಿ ತಗಡಿನಂತೆ ಇರುತ್ತದೆ ಅಂತ ದೂರುವವರು ಮೊದಲು ಇದನ್ನು ನೋಡಲಿ. ಬಹಳ ಸಲ ದೋಷ ಪಿಕಪ್ಪಿನದಲ್ಲ.

ಕೂರಿಸುವ ಕೆಲಸಕ್ಕೆ ಒಂದು ಇಡೀ ದಿನ ಬಿಡುವು ಇಟ್ಟುಕೊಳ್ಳಿ, ಅವಸರ ಬೇಡ. ತಂತಿಗಳನ್ನು ಸ್ವಲ್ಪ ಸ್ವಲ್ಪವಾಗಿ, ಎಲ್ಲವನ್ನೂ ಸಮನಾಗಿ ಇಳಿಸಿದೆ. ಕತ್ತಿನ ಮೇಲೆ ತಂತಿಗಳನ್ನು ಒತ್ತಿಹಿಡಿಯುವ ಕೇಪೊ ಕ್ಲಿಪ್ ಹಾಕಿದರೆ ಕೀಲಿಯ ಕಡೆಯ ಸುತ್ತು ಬಿಚ್ಚಿಕೊಳ್ಳುವುದಿಲ್ಲ. ಕವರ್ ಪ್ಲೇಟಿನ ಸ್ಕ್ರೂಗಳನ್ನು ಒಂದು ರಟ್ಟಿನ ಮೇಲೆ ಅದೇ ಕ್ರಮದಲ್ಲಿ ಚುಚ್ಚಿಟ್ಟೆ. ಕೋನ್ ಎತ್ತುವ ಮುಂಚೆ ಅದರ ಅಂಚಿನ ಮೇಲೂ ಮರದ ಮೇಲೂ ಪೆನ್ಸಿಲ್ ಗುರುತು ಮಾಡಿದೆ, ಮತ್ತೆ ಅದೇ ದಿಕ್ಕಿಗೆ ಕೂರಲಿ ಅಂತ. ಕೋನಿಗೆ ಅಂಟು ಇರೋದಿಲ್ಲ, ಸ್ಕ್ರೂ ಇರೋದಿಲ್ಲ. ತಂತಿಯ ಒತ್ತಡವೇ ಅದನ್ನು ಹಿಡಿದಿರುತ್ತದೆ. ಎರಡೂ ಕೈಯಿಂದ ಅಂಚು ಹಿಡಿದೇ ಎತ್ತಬೇಕು, ನಡುವೆ ಬೆರಳು ಒತ್ತಬಾರದು. ನಮ್ಮೂರಿನ ಧೂಳು ಗೊತ್ತಲ್ಲ, ಕೋನ್ ಕೂರುವ ಕಟ್ಟೆಯ ಮೇಲೆ ಒಂದು ಪದರವೇ ಇತ್ತು. ಮೆತ್ತನೆಯ ಬ್ರಷ್ಷಿನಿಂದ ಪೂರ್ತಿ ತೆಗೆದೆ. ಅಲ್ಲಿ ಒಂದು ಮರಳಿನ ಕಾಳು ಉಳಿದರೂ ಕೋನ್ ಸಮನಾಗಿ ಕೂರುವುದಿಲ್ಲ.

ಹಳೆಯ ಬಿಸ್ಕಿಟ್ಟನ್ನು ಕೋನಿಗೆ ಹಿಡಿದಿರೋದು ಒಳಗಿನಿಂದ ಬಂದ ಒಂದೇ ಸ್ಕ್ರೂ. ಹೊಸ ಬಿಸ್ಕಿಟ್ಟಿನ ವೈರ್ ಕೆಳಗಿಳಿಯಲು ಆ ಸ್ಕ್ರೂ ಪಕ್ಕದಲ್ಲಿ ಸಣ್ಣ ತೂತು ಬೇಕಿತ್ತು. ಕೆಳಗೆ ಮರದ ತುಂಡು ಕೊಟ್ಟು, ಯಂತ್ರ ಬಳಸದೆ ಡ್ರಿಲ್ ಬಿಟ್ಟನ್ನು ಕೈಯಿಂದಲೇ ತಿರುಗಿಸಿ ಮಾಡಿದೆ. ಅಂಚನ್ನು ನುಣುಪು ಮಾಡೋದು ಮುಖ್ಯ, ಇಲ್ಲದಿದ್ದರೆ ವೈರಿನ ಸಿಪ್ಪೆ ಕೊಯ್ದುಹೋಗುತ್ತದೆ. ಆ ತೂತು ಬಿಸ್ಕಿಟ್ಟಿನ ಅಡಿಗೇ ಬರುವುದರಿಂದ ದನಿಗೆ ಏನೂ ಆಗಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಸ್ಯಾಡಲ್. ಹಳೆಯದರ ಎತ್ತರವನ್ನು ಅಳೆದು, ಹೊಸದನ್ನು ಅದಕ್ಕಿಂತ ತುಸು ಎತ್ತರ ಬಿಟ್ಟು, ಉಪ್ಪುಕಾಗದದಿಂದ ನಿಧಾನವಾಗಿ ಇಳಿಸಿದೆ. ಎತ್ತರ ಜಾಸ್ತಿಯಾದರೆ ತಂತಿಗಳು ಕೋನನ್ನು ಜೋರಾಗಿ ಒತ್ತುತ್ತವೆ, ಕೋನ್ ಕುಸಿಯುವ ಅಪಾಯ. ಕಡಿಮೆಯಾದರೆ ಸೊರಗಿದ ದನಿ. ಸ್ಯಾಡಲಿನ ತಳ ಪೂರ್ತಿ ಸಪಾಟಾಗಿರಬೇಕು. ಎಲ್ಲೋ ಒಂದು ಕಡೆ ಬೆಳಕು ಕಂಡರೂ ಆ ಕಡೆಯ ತಂತಿ ಪಿಕಪ್ಪಿನಲ್ಲಿ ಸಣ್ಣಗೆ ಕೇಳುತ್ತದೆ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿದರೆ ಸಪಾಟು ಬರುತ್ತದೆ.

ಕೇಬಲ್ ಚುಚ್ಚುವ ಜ್ಯಾಕ್ ಎಲ್ಲಿ ಹಾಕೋದು ಅನ್ನೋದಕ್ಕೂ ಯೋಚನೆ ಬೇಕು. ಸಾಮಾನ್ಯವಾಗಿ ಬೆಲ್ಟಿನ ಗುಬ್ಬಿಯ ಜಾಗದಲ್ಲಿ 12 ಮಿಲಿಮೀಟರ್ ತೂತು ಮಾಡುತ್ತಾರೆ. ಆದರೆ ಇಂಥ ಗಿಟಾರಿನಲ್ಲಿ ಕತ್ತಿನಿಂದ ಹೊರಟ ಮರದ ಕೋಲು ಹೊಟ್ಟೆಯೊಳಗಿನಿಂದ ಅಲ್ಲಿಯವರೆಗೂ ಬಂದಿರುತ್ತದೆ. ಅದನ್ನು ಕೊರೆದರೆ ಕತ್ತಿನ ಬಲವನ್ನೇ ಕೊರೆದ ಹಾಗೆ. ಅದಕ್ಕೆ ಪಕ್ಕದ ಹಲಗೆಯನ್ನು ಆರಿಸಿದೆ. ಡ್ರಿಲ್ ಮಾಡೋಕೆ ನಮ್ಮ ಓಣಿಯ ಬಡಿಗೇರ ಕಾಕಾರ ಹತ್ತಿರ ಹೋದೆ. ಅವರು ಬೆರಳಿನಿಂದ ತಟ್ಟಿ ನೋಡಿ, "ಭಾಳ ತೆಳು ಅದ ತಮ್ಮಾ, ಸೀದಾ ಬಿಟ್ ಹಚ್ಚಿದ್ರ ಚಕ್ಕಿ ಏಳ್ತದ. ಒಳಗ ಒಂದು ತುಂಡು ಕೂಡಿಸೂಣು" ಅಂದರು. ಒಳಗಿನಿಂದ ಸಾಗುವಾನಿ ತುಂಡು ಅಂಟಿಸಿ, ಅದು ಒಣಗಿದ ಮೇಲೆ, ಹೊರಗೆ ಟೇಪ್ ಹಚ್ಚಿ, ಮೊದಲು ಬಿಟ್ಟನ್ನು ಉಲ್ಟಾ ತಿರುಗಿಸಿ ಪಾಲಿಶಿನ ಮೇಲೆ ಗೆರೆ ಹಾಕಿಕೊಂಡು, ಆಮೇಲೆ ಮೆಟ್ಟಿಲು ಬಿಟ್ಟಿನಿಂದ ಹಂತ ಹಂತವಾಗಿ ದೊಡ್ಡದು ಮಾಡಿದರು. ಒಂದು ಚಕ್ಕೆಯೂ ಏಳಲಿಲ್ಲ. ವಾದ್ಯ ರಿಪೇರಿಯವರು ಹತ್ತಿರದಲ್ಲಿ ಇಲ್ಲದಿದ್ದರೆ ಇಂಥ ಒಬ್ಬ ಬಡಿಗೇರರನ್ನು ಹುಡುಕಿಕೊಳ್ಳಿ. ಮರ ಗೊತ್ತಿದ್ದವರಿಗೆ ಗಿಟಾರ್ ಹೊಸದಾದರೂ ಹಲಗೆ ಹೊಸದಲ್ಲ.

ವೈರನ್ನು ಹೊಟ್ಟೆಯೊಳಗೆ ಸಡಿಲವಾಗಿ ಬಿಡಬಾರದು. ಕೋನಿನಿಂದ ಇಳಿದ ಕಡೆ ಸ್ವಲ್ಪ ಸಡಿಲ, ಅಲ್ಲಿಂದ ಮುಂದೆ ಪ್ರತಿ ನಾಲ್ಕು ಬೆರಳಿಗೊಂದು ಕಡೆ ಗೋಡೆಗೆ ಹಿಡಿಸಬೇಕು. ಎರಡು ಬದಿಯ ಟೇಪನ್ನು ಇದಕ್ಕೆ ನಂಬಬೇಡಿ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟಿದಾಗ, ಅದೂ ಕಾರಿನೊಳಗೆ ಇಟ್ಟರೆ, ಅದರ ಅಂಟು ಕರಗಿ ಜಾರುತ್ತದೆ. ನಾನು ಸಣ್ಣ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಎಪಾಕ್ಸಿಯಿಂದ ಅಂಟಿಸಿದೆ. ಜ್ಯಾಕಿನ ಗ್ರೌಂಡ್ ಕಡೆಯಿಂದ ಇನ್ನೊಂದು ವೈರನ್ನು, ತಂತಿಗಳ ಬುಡ ಹಿಡಿದಿರುವ ಟೇಲ್‌ಪೀಸಿಗೆ ಕೊಟ್ಟೆ. ತಂತಿ ಮುಟ್ಟಿದಾಗ ಇದ್ದ ಗುಂಯ್ ಸದ್ದು ಅದರಿಂದ ಇಳಿಯಿತು.

ಎಲ್ಲ ಕೂರಿಸಿ, ಶ್ರುತಿ ಏರಿಸಿ, ಒಂದು ರಾತ್ರಿ ಹಾಗೇ ಬಿಟ್ಟೆ. ಕೋನ್ ತನ್ನ ಜಾಗಕ್ಕೆ ಒಗ್ಗಬೇಕು. ನಾನು ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಶ್ರುತಿಯನ್ನು ಒಂದು ಮನೆ ಇಳಿಸಿಟ್ಟುಕೊಳ್ಳುತ್ತೇನೆ. ಆಗ ಷಡ್ಜ ಸಿ ಶಾರ್ಪಿಗೆ, ಅಂದರೆ ಕರಿ ಒಂದಕ್ಕೆ ಬರುತ್ತದೆ. ನಮ್ಮಲ್ಲಿ ಹಾಡುವ ಗಂಡಸರಿಗೆ ಅದು ಅನುಕೂಲ, ಕೋನಿಗೂ ಭಾರ ಕಡಿಮೆ. ಕೆಳಗಿನ ತಂತಿ ಆಗ 69 ಹರ್ಟ್ಸ್ ಸುತ್ತ ಇರುತ್ತದೆ. ಪ್ರಿಆಂಪಿನಲ್ಲಿ ಕೆಳಗಿನ ದನಿಯನ್ನು ಕತ್ತರಿಸುವ ಲೋ ಕಟ್ಟನ್ನು 80 ಹರ್ಟ್ಸಿಗೆ ಇಡುತ್ತೇನೆ. ಆ ಜಾಗ ಹೇಗಿದ್ದರೂ ತಬಲಾದ ಡಗ್ಗಾದ್ದು. ಆಮೇಲೆ ನಡುವಿನ ದನಿಯ ಮಿಡ್ ಗುಬ್ಬಿಯನ್ನು ಏರಿಸಿ, ಅದರ ಹರ್ಟ್ಸನ್ನು ಮೇಲೆ ಕೆಳಗೆ ತಿರುಗಿಸುತ್ತಾ ಎಲ್ಲಿ ಮೂಗಿನಿಂದ ಹಾಡಿದಂತೆ ಕೇಳುತ್ತದೋ ಅಲ್ಲಿ ಹಿಡಿದು ತುಸು ಇಳಿಸುತ್ತೇನೆ. ಜಾಸ್ತಿ ಇಳಿಸಿದರೆ ಕೋನಿನ ಗುಣವೇ ಹೋಗುತ್ತದೆ. ಮೈಕ್‌ಸೆಟ್ಟಿನವರಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅವರು ಒಳ್ಳೆಯ ಮನಸ್ಸಿನಿಂದಲೇ ಆ ಮೂಗಿನ ದನಿಯನ್ನು ಪೂರ್ತಿ ತೆಗೆದುಬಿಡುತ್ತಾರೆ.

ಪೆಂಡಾಲಿನ ಕರೆಂಟಿಗೆ ಅರ್ಥಿಂಗ್ ಸರಿ ಇಲ್ಲದಿರೋದು ಮಾಮೂಲು. ಹಮ್ ಬಂದರೆ, ಪ್ರಿಆಂಪಿಗೂ ಮಿಕ್ಸರಿಗೂ ನಡುವೆ ಹಾಕುವ ಡಿಐ ಡಬ್ಬಿಯ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಯಾವ ಕಾರಣಕ್ಕೂ ಪ್ಲಗ್ಗಿನ ಅರ್ಥ್ ಪಿನ್ ತೆಗೆಯಬೇಡಿ, ತೆಗೆಯೋಕೆ ಬಿಡಲೂಬೇಡಿ. ಉಕ್ಕಿನ ಬಾರ್, ಉಕ್ಕಿನ ತಂತಿ, ಅದರ ಗ್ರೌಂಡ್ ವೈರ್ ಎಲ್ಲ ನಿಮ್ಮ ಕೈಯಲ್ಲಿರುತ್ತವೆ. ನಾನು ಪ್ರಿಆಂಪನ್ನು 9 ವೋಲ್ಟ್ ಬ್ಯಾಟರಿಯಲ್ಲೇ ನಡೆಸುತ್ತೇನೆ, ಅಡಾಪ್ಟರ್ ಹಚ್ಚುವುದಿಲ್ಲ.

ಇನ್ನು ಮೇಲೆ ತಂತಿ ಬದಲಾಯಿಸುವಾಗ ಒಂದೊಂದಾಗಿಯೇ ಬದಲಾಯಿಸಿ. ಆರನ್ನೂ ಒಟ್ಟಿಗೆ ಬಿಚ್ಚಿದರೆ ಕೋನ್ ಸಡಿಲಾಗಿ ಜಾಗ ಬಿಟ್ಟು ಸರಿಯುತ್ತದೆ. ಒಳಗಿನ ವೈರ್ ಅದನ್ನು ಒಂದು ಕಡೆ ಎಳೆಯುತ್ತದೆ. ಬೇಸಿಗೆ ಮುಗಿದ ಮೇಲೆ ಒಮ್ಮೆ ಕವರ್ ಪ್ಲೇಟಿನ ಸ್ಕ್ರೂಗಳನ್ನು ನೋಡಿಕೊಳ್ಳಿ. ಒಣಗಿದ ಮರದಲ್ಲಿ ಅವು ಸಡಿಲವಾಗಿರುತ್ತವೆ, ಆ ಗಿಲಿಗಿಲಿ ಪಿಕಪ್ಪಿನಲ್ಲಿ ಎರಡು ಪಟ್ಟು ಕೇಳುತ್ತದೆ. ಕೈಗೆ ಬಿಗಿ ಅನ್ನಿಸುವಷ್ಟೇ ತಿರುಗಿಸಿ.