ನಾಣ್ಯ ಮಾರಿ ಗಟ್ಟಿ ಬೆಳ್ಳಿ ಕೊಂಡೆ

ಇಪ್ಪತ್ತು ವರ್ಷ ಕೂಡಿಟ್ಟ ಬೆಳ್ಳಿ ನಾಣ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾರಿ, ಆ ದುಡ್ಡಿಗೆ ಗಟ್ಟಿ ಬೆಳ್ಳಿ ಕೊಂಡೆ. ಮಗಳ ಓದಿಗೆ ಬೇಕಾದ ದಿನ ತಕ್ಕಡಿಗೆ ಹಾಕಿದೊಡನೆ ದುಡ್ಡಾಗುವಂಥದ್ದು ಕೈಯಲ್ಲಿರಬೇಕಿತ್ತು. ನಾಣ್ಯಕ್ಕಾದರೆ ಅದನ್ನು ಬಲ್ಲ ಗಿರಾಕಿ ಬರುವವರೆಗೆ ಕಾಯಬೇಕು.

ಲೆಕ್ಕವನ್ನು ರೂಪಾಯಿಯಲ್ಲಿ ಹಾಕದೆ ಗ್ರಾಂನಲ್ಲಿ ಹಾಕಿದೆ. ಒಂದೊಂದು ನಾಣ್ಯದಲ್ಲೂ ಶುದ್ಧ ಬೆಳ್ಳಿ ಎಷ್ಟಿದೆ ಎಂದು ಬರೆದುಕೊಂಡೆ. ಟಾಗೋರರ 150ನೇ ಜಯಂತಿಯ 150 ರೂಪಾಯಿ ನಾಣ್ಯ 35 ಗ್ರಾಂ ತೂಗುತ್ತದೆ, ಆದರೆ ಬೆಳ್ಳಿ ಅರ್ಧ ಮಾತ್ರ, 17.5 ಗ್ರಾಂ. ಅಷ್ಟೇ ತೂಕದ, ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ರೂಪಾಯಿ ನಾಣ್ಯದಲ್ಲಿ ಶೇ 80, ಅಂದರೆ 28 ಗ್ರಾಂ. 1969ರ ಗಾಂಧಿ ಹತ್ತು ರೂಪಾಯಿ 15 ಗ್ರಾಂ, ಬೆಳ್ಳಿ 12. ಇವನ್ನು ತೂಕಕ್ಕೆ ಹಾಕುವುದು ದಡ್ಡತನ. ಚಿನಿವಾರ ಪೇಟೆಯ ಅಂಗಡಿಯೊಂದರಲ್ಲಿ ಡಬ್ಬಿ ಬಿಚ್ಚದ ಟಾಗೋರ್ ನಾಣ್ಯಕ್ಕೂ ಕರಗಿಸುವ ಬೆಲೆಯನ್ನೇ ಹೇಳಿದರು. ಎದ್ದು ಬಂದೆ. ಅದೇ ನಾಣ್ಯವನ್ನು ಸಂಗ್ರಾಹಕರೊಬ್ಬರು ಕೊಂಡ ಬೆಲೆಗೆ, ಬೆಳ್ಳಿ ಕೊಳ್ಳುವಾಗಿನ ಶೇ 3 ಜಿಎಸ್‌ಟಿ ಸೇರಿಸಿದ ಮೇಲೂ, 17.5 ಗ್ರಾಂನ ಎರಡರಷ್ಟಕ್ಕಿಂತ ಹೆಚ್ಚು ಬೆಳ್ಳಿ ಬಂತು. ಈ ಲಾಭ ಕಂಡ ಕಡೆ ಮಾತ್ರ ಮಾರಿದೆ.

ಹಳೆಯ ರಾಣಿ ರೂಪಾಯಿಗಳ ಕಥೆ ಬೇರೆ. ವಿಕ್ಟೋರಿಯಾ ರೂಪಾಯಿ ಒಂದು ತೊಲ, 11.66 ಗ್ರಾಂ, ಅದರಲ್ಲಿ ಬೆಳ್ಳಿ ಸುಮಾರು 10.7 ಗ್ರಾಂ. ಮುಖ ಸವೆದು ಹೋದವಕ್ಕೆ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ. ಆದರೆ ಅವು ಈಗಾಗಲೇ ಬೆಳ್ಳಿಯೇ ಅಲ್ಲವೇ? ಮಾರುವಾಗ ಅಂಗಡಿಯವರ ಕಡಿತ, ಕೊಳ್ಳುವಾಗ ತೆರಿಗೆ ಎಂದು ಎರಡು ಕಡೆ ಕಳೆದುಕೊಂಡು ಬೆಳ್ಳಿ ಕೊಟ್ಟು ಬೆಳ್ಳಿ ತರುವುದರಲ್ಲಿ ಅರ್ಥವಿಲ್ಲ. ಅವನ್ನು ಇಟ್ಟುಕೊಂಡೆ. ಆರನೇ ಜಾರ್ಜ್‌ನ 1940ರಿಂದ 1945ರವರೆಗಿನ ರೂಪಾಯಿಗಳನ್ನು ಮಾತ್ರ ಬೇರೆ ಚೀಲಕ್ಕೆ ಹಾಕಿ. ಅವುಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿದೆ, ತೂಕ ನೋಡಿದರೆ ಗೊತ್ತಾಗುವುದಿಲ್ಲ.

ಒಂದು ನೋವು ಇನ್ನೂ ಇದೆ. ಶುರುವಿನ ದಿನಗಳಲ್ಲಿ ಐದನೇ ಜಾರ್ಜ್‌ನ ಆರು ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದೆ. ನೂರು ವರ್ಷ ಕೂತ ಕಪ್ಪು ಹೋಯಿತು, ಜೊತೆಗೆ ಸಂಗ್ರಾಹಕರು ಕೊಡುವ ಬೆಲೆಯೂ ಹೋಯಿತು. ದಯವಿಟ್ಟು ತೊಳೆಯಬೇಡಿ.

ಕೊಳ್ಳುವಾಗ 10 ಗ್ರಾಂನ ಲಕ್ಷ್ಮಿ ಬಿಲ್ಲೆಗಳ ಕಡೆ ಹೋಗಲಿಲ್ಲ. ಚಿಕ್ಕದಾದಷ್ಟೂ ಗ್ರಾಂಗೆ ಮಜೂರಿ ಹೆಚ್ಚು. 999 ಶುದ್ಧತೆಯ, ಅಂದರೆ ಸಾವಿರ ಪಾಲಿನಲ್ಲಿ 999 ಪಾಲು ಬೆಳ್ಳಿಯೇ ಇರುವ, 500 ಗ್ರಾಂ ಬಾರ್ ಒಂದು, ಮಿಕ್ಕದ್ದು 100 ಗ್ರಾಂನವು. ಬಿಲ್ ಜೋಪಾನ.

ಮಾರಲು ಕೊನೆಗೆ ಉಳಿದದ್ದು ಐದನೇ ಜಾರ್ಜ್‌ನ 1911ರ ರೂಪಾಯಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಸಿಟ್ಟಾಗಿ, ಸರ್ಕಾರ ಹಿಂತೆಗೆದುಕೊಂಡ ನಾಣ್ಯ ಅದು. ತಿಂಗಳುಗಟ್ಟಲೆ ಹಿಂದೆ ಮುಂದೆ ನೋಡಿದೆ. ಕೊಳ್ಳಲು ಬಂದ ಹುಡುಗ ಬೆಲೆ ಕೇಳುವ ಮೊದಲೇ ಭೂತಗನ್ನಡಿ ತೆಗೆದು ಆನೆಯ ಸೊಂಡಿಲು ಹುಡುಕಲು ಕೂತ. ಅವನಿಗೇ ಕೊಟ್ಟೆ.